ಹಂಚಬೇಕೆನಿಸುವ ಮಾತು
(ಶತಮಾನೋತ್ಸವದ ಅಂಗವಾಗಿ ಜಾವಳಿಯಲ್ಲಿ ಜರುಗಿದ ಯುವಜನರ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಈ ಮಹೋತ್ಸವದ ಸಮಾಚಾರವನ್ನು ಮೊಬೈಲಿನ ಮೂಲಕ ನಾಲ್ಕು ಜನರಿಗೆ ಮುಟ್ಟಿಸುವ ಹೊಣೆಯನ್ನು ಯುವಜನರು ವಹಿಸಿಕೊಂಡಿರುವುದು ನಮಗೆ ಸಂತಸ ತಂದಿದೆ. ನಾವು ಕಳುಹಿಸಿದ್ದನ್ನು ಜನರು ತಾವಾಗಿಯೇ ಮತ್ತೊಬ್ಬರಿಗೆ ಕಳುಹಿಸುವಂತೆ ಮಾಡುವುದು ಹೇಗೆಂಬುದು ನಿಮ್ಮ ಪ್ರಶ್ನೆ. ಉತ್ತರವನ್ನು ದೂರದಲ್ಲಿ ಅರಸಬೇಕಾಗಿಲ್ಲ.

ನಮ್ಮ ಕಾಫಿ ಸೀಮೆಯಲ್ಲಿ ಅತಿ ಶೀಘ್ರವಾಗಿ ಹಬ್ಬುವ ಸುದ್ದಿಗಳಲ್ಲಿ ಹೂಮಳೆಯ ಸುದ್ದಿಯೂ ಒಂದು. ಮಳೆ ನಿಂತೊಡನೆ ಮಾಪಕವನ್ನು ನೋಡಿ, ಇಂಥ ತೋಟದಲ್ಲಿ ಇಷ್ಟು ಇಂಚು, ಇಷ್ಟು ಸೆಂಟು ಎಂದು ಬರೆದು ಕಳುಹಿಸುತ್ತಾರೆ. ಒಂದೇ ಸಾಲು, ಅಲಂಕಾರವಿಲ್ಲ, ಸಂಗೀತವಿಲ್ಲ. ಆದರೂ ಅದು ಬಾಳೂರು, ಕೊಟ್ಟಿಗೆಹಾರ, ಕಳಸಗಳನ್ನು ದಾಟಿ ಬೆಂಗಳೂರಿನಲ್ಲಿರುವ ಮಕ್ಕಳವರೆಗೂ ಹೋಗುತ್ತದೆ. ರೊಬಸ್ಟಾಕ್ಕೆ ಸ್ಪ್ರಿಂಕ್ಲರಿನಿಂದ ನೀರು ಹಾಯಿಸಬೇಕೋ ಬೇಡವೋ ಎಂಬುದು ಆ ಅಂಕಿಯನ್ನೇ ಅವಲಂಬಿಸಿದೆಯಷ್ಟೆ! ಅದರಲ್ಲಿ ನಾಲ್ಕು ಗುಣಗಳುಂಟು: ಓದುವವನಿಗೆ ಪ್ರಯೋಜನ, ಸ್ಥಳಕಾಲಗಳ ಉಲ್ಲೇಖ, ಅಳೆದು ನೋಡಿದ ಸತ್ಯ, ಹೇಳಿದವನ ಗುರುತು.

ಇವೇ ಗುಣಗಳನ್ನು ಇಟಲಿಯ ಬಾಲಕ ಕಾರ್ಲೊ ಅಕ್ಯುಟಿಸನ ಕೆಲಸದಲ್ಲಿಯೂ ಕಾಣುತ್ತೇವೆ. ಪರಮಪ್ರಸಾದದ ಅದ್ಭುತಗಳನ್ನು ಊರು, ಕಾಲ, ಚಿತ್ರಗಳೊಡನೆ ಸಂಗ್ರಹಿಸಿ ಅವನು ಅಂತರಜಾಲದಲ್ಲಿರಿಸಿದನು. ೨೦೦೬ರ ಅಕ್ಟೋಬರ್ ೧೨ರಂದು, ಹದಿನೈದನೆಯ ವಯಸ್ಸಿನಲ್ಲಿ, ತೀರಿಕೊಂಡನು. ವಾಟ್ಸಾಪ್ ಎಂಬುದು ಇನ್ನೂ ಹುಟ್ಟಿರದ ಕಾಲವದು. ಆದರೂ ಆ ಸಂಗ್ರಹ ಹಲವು ದೇಶಗಳ ಚರ್ಚುಗಳಲ್ಲಿ ಪ್ರದರ್ಶನಗೊಂಡಿತು. ೨೦೨೫ರ ಸೆಪ್ಟೆಂಬರ್ ೭ರಂದು ಅವನಿಗೆ ಸಂತ ಪದವಿ ದೊರೆಯಿತು.

ಆದರೆ ಭಯವೂ ಬೇಗ ಹರಡುತ್ತದೆ ಎಂಬುದನ್ನು ಮರೆಯಬಾರದು. ೨೦೧೮ರ ಜುಲೈ ೧೩ರಂದು ಬೀದರ್ ಜಿಲ್ಲೆಯಲ್ಲಿ ಹೈದರಾಬಾದಿನ ಕಡೆಯಿಂದ ಬಂದ ಗೆಳೆಯರು ಮಕ್ಕಳಿಗೆ ಚಾಕೋಲೇಟು ಕೊಟ್ಟರು. ಮಕ್ಕಳ ಕಳ್ಳರೆಂಬ ಸುಳ್ಳುಸುದ್ದಿ ವಾಟ್ಸಾಪಿನಲ್ಲಿ ಅವರ ಕಾರಿಗಿಂತ ಮೊದಲೇ ಮುರ್ಕಿ ಗ್ರಾಮವನ್ನು ಮುಟ್ಟಿತು. ಜನರು ದಾರಿಗಟ್ಟಿ ಹೊಡೆದರು. ಒಬ್ಬ ಯುವ ಇಂಜಿನಿಯರ್ ಪ್ರಾಣವನ್ನೇ ಕಳೆದುಕೊಂಡನು. ಆ ಸುದ್ದಿಯನ್ನು ಮುಂದಕ್ಕೆ ದಾಟಿಸಿದವರಲ್ಲಿ ಎಷ್ಟೋ ಮಂದಿ ಊರಿಗೆ ಉಪಕಾರ ಮಾಡುತ್ತಿದ್ದೇವೆಂದೇ ಭಾವಿಸಿದ್ದಿರಬೇಕು. ಅದೇ ತಿಂಗಳು, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಳಿಗೆ ಮಾತ್ರ ಕಳುಹಿಸಬಹುದೆಂಬ ಮಿತಿಯನ್ನು ವಾಟ್ಸಾಪ್ ಪ್ರಕಟಿಸಿತು. ಯಂತ್ರಕ್ಕೆ ಮಿತಿ ಹಾಕಬಹುದು. ವಿವೇಕವನ್ನು ನಾವೇ ಬೆಳೆಸಿಕೊಳ್ಳಬೇಕು.

ನಮ್ಮ ಸಮೀಪದ ಮಾತನ್ನೇ ನೋಡಿರಿ. ೨೦೧೯ರ ಆಗಸ್ಟಿನಲ್ಲಿ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡ ಜರಿದ ಚಿತ್ರವನ್ನು ಇಸವಿ ಹಾಕದೆ ಇಂದು ಕಳುಹಿಸಿದರೆ, ದುಬೈಯಲ್ಲಿರುವ ಮಗನಿಗೆ ಆ ರಾತ್ರಿ ನಿದ್ರೆಯಿಲ್ಲ. ಚಿತ್ರ ಸತ್ಯವೇ, ಇಸವಿಯಿಲ್ಲದ ಕಾರಣ ಅದೇ ಸುಳ್ಳಾಯಿತು.

ಆದುದರಿಂದ ನಮ್ಮ ಸಲಹೆ ಇಷ್ಟೇ. ಒಂದು ಸಂದೇಶದಲ್ಲಿ ಒಂದೇ ವಿಷಯವಿರಲಿ. ದಿನಾಂಕ, ಸ್ಥಳ, ನಿಮ್ಮ ಹೆಸರು ಇರಲಿ. ಗುಡ್ಡದ ಮರೆಯಲ್ಲಿ ಸಿಗ್ನಲ್ ದುರ್ಬಲವಾದುದರಿಂದ ವಿಡಿಯೋ ಎರಡು ನಿಮಿಷ ಮೀರದಿರಲಿ. ಯಾರದೇ ಚಿತ್ರವನ್ನು ಅವರ ಒಪ್ಪಿಗೆಯಿಲ್ಲದೆ ಹಾಕದಿರಿ. ದುಃಖದಲ್ಲಿರುವವರ ಚಿತ್ರವನ್ನಂತೂ ಬೇಡವೇ ಬೇಡ.

ಇನ್ನು ಏನನ್ನು ಕಳುಹಿಸಬೇಕು? ವೇದಿಕೆಯ ಹಾರತುರಾಯಿಗಳನ್ನು ಒಮ್ಮೆ ನೋಡಿ ಬಿಡುತ್ತಾರೆ. ನಿಮ್ಮ ಅಜ್ಜಿಯ ಬಳಿ ಕುಳಿತು ಒಂದೇ ಪ್ರಶ್ನೆ ಕೇಳಿರಿ: ಘಟ್ಟ ಹತ್ತಿ ಬಂದ ಮೊದಲ ಮಳೆಗಾಲವನ್ನು ಹೇಗೆ ಕಳೆದಿರಿ? ತೋಟದ ಲೈನುಮನೆಯ ಹಿರಿಯರನ್ನೂ ಕೇಳಿರಿ. ಕೊಂಕಣಿಯಾಗಲಿ, ಕನ್ನಡವಾಗಲಿ, ತಮಿಳಾಗಲಿ, ಅವರ ಭಾಷೆಯಲ್ಲಿಯೇ ದಾಖಲಿಸಿರಿ. ಅದನ್ನು ಹಂಚಿರೆಂದು ನೀವು ಯಾರನ್ನೂ ಬೇಡಬೇಕಾಗಿಲ್ಲ. ಮೊಮ್ಮಕ್ಕಳೇ ಅದನ್ನು ಊರೂರಿಗೆ ಒಯ್ಯುವರು. ಆ ಧ್ವನಿಗಳು ನಮ್ಮೊಡನೆ ಬಹುಕಾಲ ಇರಲಾರವು. ಈ ಕೆಲಸ ಬರುವ ಮಳೆಗಾಲಕ್ಕೆ ಮುಂಚೆಯೇ ಆಗಬೇಕು.

ದೇವರು ನಿಮ್ಮೆಲ್ಲರನ್ನು ಆಶೀರ್ವದಿಸಲಿ.