ಬೆಳಕಿನ ಜಮೆ, ಹೊಗೆಯ ಖರ್ಚು

(ಸಿಲ್ಲೋಡಿನ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ನಾನು ಬ್ಯಾಂಕಿನ ಗುಮಾಸ್ತ. ಜಮೆ-ಖರ್ಚುಗಳ ತಾಳೆ ನೋಡುವುದೇ ನನ್ನ ಕಸುಬು. ಈ ಮಂಟಪದ ದೀಪಗಳನ್ನು ಕಂಡಾಗ, ಇವುಗಳ ಖರ್ಚನ್ನು ಯಾರ ಖಾತೆಗೆ ಬರೆಯಬೇಕೆಂಬ ಯೋಚನೆ ಬಂದಿತು.

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಹರಿದ ವಿದ್ಯುತ್ತು ಕಾವೇರಿಯ ಕೊಡುಗೆ; ಅದರಲ್ಲಿ ಹೊಗೆಯಿರಲಿಲ್ಲ. ರಾಯಚೂರಿನ ಶಕ್ತಿನಗರದಲ್ಲಿ 1985ರಲ್ಲಿ ಮೊದಲ ಘಟಕದಿಂದ ಆರಂಭವಾಗಿ, ಎಂಟು ಘಟಕಗಳ 1720 ಮೆಗಾವಾಟ್ ಸಾಮರ್ಥ್ಯಕ್ಕೆ ಬೆಳೆದ ಸ್ಥಾವರವಾದರೋ ಕಲ್ಲಿದ್ದಲಿನದು. ನಾಶಿಕದ ಬಳಿಯ ಏಕಲಹರೆಯದೂ ಹಾಗೆಯೇ. ಕಲ್ಲಿದ್ದಲಿನಿಂದ ಒಂದು ಯೂನಿಟ್ ವಿದ್ಯುತ್ತು ಪಡೆದರೆ ಸುಮಾರು ಒಂದು ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಗಾಳಿ ಸೇರುತ್ತದೆ, ಬೂದಿ ಬೇರೆ.

ಹಾಗಾದರೆ ಯಾವ ಸ್ಥಾವರ ಉತ್ತಮ? ಹೆಚ್ಚು ವಿದ್ಯುತ್ತು ಕೊಟ್ಟದ್ದೆಂದರೆ ಅರ್ಧ ಲೆಕ್ಕವಾಯಿತು. 1978ರಲ್ಲಿ ಚಾರ್ನ್ಸ್, ಕೂಪರ್, ರೋಡ್ಸ್ ಎಂಬ ಮೂವರು ವಿದ್ವಾಂಸರು ಒಂದು ವಿಧಾನವನ್ನು ಮುಂದಿಟ್ಟರು. ಪ್ರತಿಯೊಂದು ಸಂಸ್ಥೆ ಬಳಸಿದ್ದನ್ನೂ ಕೊಟ್ಟದ್ದನ್ನೂ ಬರೆದುಕೊಂಡು, ಅದರಂಥವೇ ಆದ ಸಂಸ್ಥೆಗಳಲ್ಲಿ ಮೇಲಾದವುಗಳೊಡನೆ ಹೋಲಿಸುವುದು. ಅನಂತರ ಬಂದವರು ಹೊಗೆ, ಬೂದಿಗಳನ್ನೂ ‘ಬೇಡದ ಫಲ’ವೆಂದು ಈ ಲೆಕ್ಕಕ್ಕೆ ಸೇರಿಸಿದರು.

ಆದರೆ ಅಂಕಿಗಳೇ ಗಟ್ಟಿಯಾಗಿಲ್ಲದಿದ್ದರೆ? ಮಳೆಯಲ್ಲಿ ನೆನೆದ ಕಲ್ಲಿದ್ದಲಿನ ತೂಕ ಹೆಚ್ಚು, ಕಾವು ಕಡಿಮೆ. ಹೊಗೆಯನ್ನಂತೂ ಕೆಲವೆಡೆ ಅಳೆಯುತ್ತಾರೆ, ಕೆಲವೆಡೆ ಅಂದಾಜು ಮಾಡುತ್ತಾರೆ. ಆದುದರಿಂದ ಒಂದೇ ಅಂಕಿಗೆ ಬದಲು ಕನಿಷ್ಠ, ಗರಿಷ್ಠ ಎರಡನ್ನೂ ಬರೆಯಬೇಕು. ಕಲ್ಪಿತ ಉದಾಹರಣೆ ನೋಡಿ: ನೂರು ಯೂನಿಟ್ಟಿಗೆ ಒಂದು ಸ್ಥಾವರ 60ರಿಂದ 66 ಕಿಲೋ, ಇನ್ನೊಂದು 64ರಿಂದ 72 ಕಿಲೋ ಕಲ್ಲಿದ್ದಲು ಸುಡುತ್ತದೆ. ಮೊದಲನೆಯದೇ ಮೇಲೆಂದು ಆಣೆಯಿಟ್ಟು ಹೇಳಲಾಗದು; 64ರಿಂದ 66ರವರೆಗೆ ಎರಡೂ ಒಂದರ ಮೇಲೊಂದು ಬೀಳುತ್ತವೆ. ಎರಡನೆಯದು 68ರಿಂದ 72 ಆಗಿದ್ದರೆ, ಕಲ್ಲಿದ್ದಲಿನ ಮಟ್ಟಿಗೆ ಸಂಶಯವಿಲ್ಲ.

ಇದು ಬರಿಯ ಗಣಿತವಲ್ಲ. ತಪ್ಪು ತೀರ್ಪಿನಿಂದ ಒಂದು ಕಡೆ ದುಡಿಯುವವರ ಅನ್ನ ಹೋದೀತು. ಇನ್ನೊಂದು ಕಡೆ ನೆರೆಯ ಮಕ್ಕಳ ಉಸಿರು ಕೆಟ್ಟೀತು. ಅಂಕಿ ಅನಿಶ್ಚಿತವೆಂಬುದು ಸುಮ್ಮನಿರಲು ನೆಪವಾಗಬಾರದು. ಇನ್ನೂ ಚೆನ್ನಾಗಿ ಅಳೆಯಲು ಕಾರಣವಾಗಬೇಕು.

ಹತ್ತಿ ಬೆಳೆಯುವ ನಮ್ಮೂರಿನ ರೈತ ಸಾಲ ಕೇಳಲು ಬಂದಾಗ, “ಮಳೆ ಚೆನ್ನಾದರೆ ಇಷ್ಟು, ಕೈಕೊಟ್ಟರೆ ಇಷ್ಟು” ಎಂದು ಎರಡೂ ಲೆಕ್ಕ ಹೇಳುತ್ತಾನೆ. ಆ ಪ್ರಾಮಾಣಿಕತೆ ನಮ್ಮ ದೀಪಗಳ ಲೆಕ್ಕಕ್ಕೂ ಬರಲಿ ಎಂದು ಹಾರೈಸುತ್ತೇನೆ.