ಬ್ರಾಂಪ್ಟನ್‌ನಲ್ಲಿ ಸಂಬಳ, ಕೊಪ್ಪದಲ್ಲಿ ಸಾಲ: ನಿಮ್ಮ ದುಡ್ಡು ಯಾವ ಕರೆನ್ಸಿಯದು?

(ಪಾಡ್‌ಕಾಸ್ಟ್ ಕಂತಿನ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)



ಇವತ್ತಿನ ಕಂತು ಒಂದು ವಾಯ್ಸ್ ಮೆಸೇಜ್‌ನಿಂದ ಶುರುವಾಗುತ್ತೆ. ಕಳಿಸಿದ ಹುಡುಗ ಕೊಪ್ಪದವನು. ಚಿಕ್ಕಮಗಳೂರಿನ ಕೊಪ್ಪ ಅಲ್ಲ, ನಮ್ಮ ಮದ್ದೂರು ತಾಲೂಕಿನ ಕೊಪ್ಪ. 2023ರಲ್ಲಿ ಓದೋಕೆ ಅಂತ ಕೆನಡಾಕ್ಕೆ ಹೋದ. ಈಗ ಬ್ರಾಂಪ್ಟನ್‌ನಲ್ಲಿ ಕೆಲಸ. ಹೆಸರು ಹೇಳಬೇಡಿ ಅಂದಿದ್ದಾನೆ, ಹೇಳಲ್ಲ. ಅವನ ಮಾತು ಹೀಗಿದೆ:

"ಅಣ್ಣ, ಕೈಯಲ್ಲಿ 20 ಸಾವಿರ ಕೆನಡಾ ಡಾಲರ್ ಉಳಿದಿದೆ. ರೂಮ್‌ಮೇಟ್‌ಗಳೆಲ್ಲ ಅಮೆರಿಕದ ಷೇರು ತಗೋ ಅಂತಾರೆ. ಅಮೆರಿಕನ್ ಡಾಲರ್ ಬಿದ್ದೋದ್ರೆ ನನ್ನ ಗತಿ ಏನು? ಅಪ್ಪ ಫೋನ್ ಮಾಡ್ದಾಗೆಲ್ಲ, ಪಕ್ಕದ ಜಮೀನು ಮಾರಾಟಕ್ಕಿದೆ, ದುಡ್ಡು ಕಳಿಸು, ದುಡ್ಡು ಕಣ್ಣಿಗೆ ಕಾಣೋ ಕಡೆ ಇರ್ಬೇಕು ಕಣಪ್ಪ ಅಂತಾರೆ. ಓದಿನ ಸಾಲ ಇನ್ನೂ 9 ಲಕ್ಷ ಇದೆ, 11 ಪರ್ಸೆಂಟ್ ಬಡ್ಡಿ. ನಮ್ಮ ಜಮೀನಿನ ಪತ್ರ ಬ್ಯಾಂಕಲ್ಲಿದೆ. ಯಾವುದು ಮೊದಲು ಮಾಡ್ಲಿ ಅಣ್ಣ?"

ಇದು ಒಬ್ಬನ ಪ್ರಶ್ನೆ ಅಲ್ಲ. ಕ್ಯಾಲ್ಗರಿ, ಮಿಸ್ಸಿಸಾಗಾದಿಂದ ಬರೋ ಮೆಸೇಜ್‌ಗಳಲ್ಲೂ ಇದೇ ಗೊಂದಲ. ಅದಕ್ಕೆ ಒಂದೊಂದಾಗಿ ಬಿಡಿಸೋಣ. ನಾನು ನೋಂದಾಯಿತ ಹೂಡಿಕೆ ಸಲಹೆಗಾರನಲ್ಲ. ಲೆಕ್ಕ ಹೇಗೆ ಹಾಕ್ಬೇಕು ಅಂತ ತೋರಿಸ್ತೀನಿ, ತೀರ್ಮಾನ ನಿಮ್ಮದು.

ಅಮೆರಿಕದ ಷೇರು ತಗೊಂಡ್ರೆ ಕರೆನ್ಸಿ ಏನು ಮಾಡುತ್ತೆ?

ಮಂಡ್ಯ ಮಾರ್ಕೆಟ್‌ಗೆ ಬೆಲ್ಲ ತಗೊಂಡು ಹೋಗೋರಿಗೆ ಇದು ಹೇಳಿಕೊಡಬೇಕಾಗಿಲ್ಲ. ಆಲೆಮನೆಯಿಂದ ಎಷ್ಟು ಕ್ವಿಂಟಾಲ್ ಬಂತು ಅನ್ನೋದು ಒಂದು ಲೆಕ್ಕ. ಇವತ್ತು ಕ್ವಿಂಟಾಲ್‌ಗೆ ರೇಟ್ ಎಷ್ಟು ಅನ್ನೋದು ಇನ್ನೊಂದು. ಎರಡನ್ನೂ ಗುಣಿಸಿದ ಮೇಲೆ ಮನೆಗೆ ಬರೋ ದುಡ್ಡು ಎಷ್ಟು ಅಂತ ಗೊತ್ತಾಗೋದು. ವಿದೇಶಿ ಷೇರೂ ಹಾಗೇ. ಷೇರಿನ ಬೆಲೆ ಒಂದು, ಆ ದೇಶದ ದುಡ್ಡಿನ ಬೆಲೆ ಇನ್ನೊಂದು.

ಅಮೆರಿಕದ ಷೇರು 10 ಪರ್ಸೆಂಟ್ ಏರಿತು, ಅಮೆರಿಕನ್ ಡಾಲರ್ ಕೆನಡಾ ಡಾಲರ್ ಎದುರು 4 ಪರ್ಸೆಂಟ್ ಏರಿತು ಅಂದ್ಕೊಳ್ಳಿ. ನಿಮಗೆ ಸಿಗೋದು 14.4. ಷೇರು ಅದೇ 10 ಏರಿ, ಡಾಲರ್ 8 ಪರ್ಸೆಂಟ್ ಬಿದ್ರೆ? ಸಿಗೋದು ಬರೀ 1.2.

ಪುಸ್ತಕದ ಲೆಕ್ಕ ಅನ್ನಿಸ್ತಾ? ನಿಜವಾಗಿ ನಡೆದದ್ದು ನೋಡಿ. 2002ರ ಜನವರಿಯಲ್ಲಿ ಒಂದು ಅಮೆರಿಕನ್ ಡಾಲರ್ ಕೊಳ್ಳೋಕೆ ಸುಮಾರು 1.60 ಕೆನಡಾ ಡಾಲರ್ ಬೇಕಿತ್ತು. 2007ರ ನವೆಂಬರ್ ಶುರುವಿಗೆ ಅದು ಒಂದಕ್ಕಿಂತ ಕೆಳಗೆ, 0.93ರ ಆಸುಪಾಸಿಗೆ ಬಂತು. ಅದೇ ಅವಧಿಯಲ್ಲಿ ಅಮೆರಿಕದ ದೊಡ್ಡ 500 ಕಂಪನಿಗಳ ಸೂಚ್ಯಂಕ ಎಸ್ ಅಂಡ್ ಪಿ 500 ಸುಮಾರು 1,150ರಿಂದ 1,500ಕ್ಕೆ ಏರಿತ್ತು. ಅಮೆರಿಕದವನಿಗೆ 30 ಪರ್ಸೆಂಟ್ ಲಾಭ. ಟೊರೊಂಟೊದಲ್ಲಿ ಕೂತು ಅದೇ ಷೇರು ಇಟ್ಕೊಂಡವನಿಗೆ ಡಿವಿಡೆಂಡ್ ಬಿಟ್ಟು ನೋಡಿದ್ರೆ ನಾಲ್ಕರಲ್ಲಿ ಒಂದು ಪಾಲು ನಷ್ಟ. ಅದೇ ಷೇರು, ಅದೇ ದಿನಗಳು.

ಈಗ ಉಲ್ಟಾ ಕಥೆ. 2008ರಲ್ಲಿ ಎಸ್ ಅಂಡ್ ಪಿ 500 ಒಂದೇ ವರ್ಷದಲ್ಲಿ 38 ಪರ್ಸೆಂಟ್ ಬಿತ್ತು. ಆದ್ರೆ ಭಯ ಹುಟ್ಟಿದಾಗ ಜಗತ್ತೆಲ್ಲ ಅಮೆರಿಕನ್ ಡಾಲರ್ ಕಡೆ ಓಡುತ್ತೆ. ಎಣ್ಣೆ, ಲೋಹ ಮಾರೋ ಕೆನಡಾದ ಡಾಲರ್ ಜಾರುತ್ತೆ. ಹಾಗಾಗಿ ಕೆನಡಾದವನ ನಷ್ಟ 25ರ ಹತ್ತಿರಕ್ಕೆ ನಿಂತಿತು. ಕರೆನ್ಸಿ ಒಮ್ಮೆ ಕಾಲೆಳೆಯಿತು, ಒಮ್ಮೆ ಕೈ ಹಿಡಿಯಿತು.

ಟೊರೊಂಟೊದಲ್ಲಿ, ಕೆನಡಾ ಡಾಲರ್ ಕೊಟ್ಟು ತಗೊಂಡ್ರೆ ತಪ್ಪಿಸ್ಕೋಬಹುದಾ?

ಇಲ್ಲ. ಅತಿ ಹೆಚ್ಚು ಜನ ಎಡವೋದು ಇಲ್ಲೇ. ಯಾವ ದುಡ್ಡು ಕೊಟ್ಟು ತಗೊಂಡ್ರಿ ಅನ್ನೋದು ಮುಖ್ಯ ಅಲ್ಲ, ಒಳಗಿರೋ ಕಂಪನಿ ಯಾವ ದುಡ್ಡಲ್ಲಿ ಗಳಿಸುತ್ತೆ ಅನ್ನೋದು ಮುಖ್ಯ. ನಮ್ಮ ಇನ್ಫೋಸಿಸ್ ನೋಡಿ. 1999ರಿಂದ ಅಮೆರಿಕದ ಮಾರುಕಟ್ಟೆಯಲ್ಲೂ ಇದೆ. ಮುಂಬೈನಲ್ಲಿ ರೂಪಾಯಿಗೆ ಸಿಗುತ್ತೆ, ನ್ಯೂಯಾರ್ಕ್‌ನಲ್ಲಿ ಡಾಲರ್‌ಗೆ ಸಿಗುತ್ತೆ. ನ್ಯೂಯಾರ್ಕ್‌ನಲ್ಲಿ ತಗೊಂಡ್ರೆ ಅದು ಅಮೆರಿಕದ ಕಂಪನಿ ಆಗ್ಬಿಡಲ್ಲ. ಬೆಲ್ಲವನ್ನ ಕೆಜಿಯಲ್ಲಿ ತೂಗಿದ್ರೂ ಮಣದಲ್ಲಿ ತೂಗಿದ್ರೂ ಅದೇ ಬೆಲ್ಲ.

ಟೊರೊಂಟೊದಲ್ಲಿ ವಿಎಫ್‌ವಿ ಅಂತ ಒಂದು ಫಂಡ್ ಇದೆ. ಕೆನಡಾ ಡಾಲರ್‌ಗೆ ಸಿಗುತ್ತೆ, ಆದ್ರೆ ಒಳಗಿರೋದು ಎಸ್ ಅಂಡ್ ಪಿ 500. ಡಾಲರ್‌ನ ಏರಿಳಿತ ಪೂರ್ತಿ ನಿಮ್ಮ ತಲೆಗೆ. ಅದೇ ಕಂಪನಿಯ ಇನ್ನೊಂದು ಫಂಡ್ ವಿಎಸ್‌ಪಿ, ಹೆಡ್ಜ್ ಮಾಡಿದ್ದು. ಹೆಡ್ಜ್ ಅಂದ್ರೆ ಮುಂದಿನ ತಾರೀಕಿನ ವಿನಿಮಯ ದರವನ್ನ ಇವತ್ತೇ ಒಪ್ಪಂದ ಮಾಡ್ಕೊಂಡು, ಕರೆನ್ಸಿಯ ಲಾಭ ನಷ್ಟ ಎರಡನ್ನೂ ಹೊರಗಿಡೋದು. ಅದಕ್ಕೆ ಖರ್ಚಿದೆ. 2008ರಲ್ಲಿ ಕೈ ಹಿಡಿದ ಆ ಆಸರೆಯೂ ಹೋಗುತ್ತೆ.

ಎರಡು ಮೂರು ವರ್ಷದಲ್ಲಿ ಬೇಕಾಗೋ ದುಡ್ಡಿಗೆ ಕರೆನ್ಸಿ ಏಟು ಜೋರು. ಆದ್ರೆ ಅಂಥ ದುಡ್ಡು ಷೇರಿಗೇ ಹೋಗಬಾರದು. ಹದಿನೈದು ಇಪ್ಪತ್ತು ವರ್ಷಕ್ಕೆ ಇಡೋರು, ಏರಿಳಿತ ತಡ್ಕೊಳ್ಳೋರು ಹೆಡ್ಜ್ ಇಲ್ಲದೆ ಇಟ್ಕೊಳ್ಳೋದುಂಟು.

ಇದಕ್ಕಿಂತ ಖಚಿತವಾದ ನಷ್ಟ ಒಂದಿದೆ. ಅಮೆರಿಕದ ಮಾರುಕಟ್ಟೆಯಲ್ಲಿ ನೇರ ಷೇರು ತಗೊಳ್ಳುವಾಗ ಆ್ಯಪ್ ತಾನೇ ಡಾಲರ್ ಬದಲಿಸುತ್ತೆ. ಅದರಲ್ಲಿ ಒಂದೂವರೆ ಪರ್ಸೆಂಟ್ ಹೋಗೋದು ಸಾಮಾನ್ಯ. ಮಾರುವಾಗ ಇನ್ನೊಂದು ಸಲ. ಡಾಲರ್ ಬೀಳುತ್ತಾ ಅಂತ ನಿದ್ದೆಗೆಡೋರು ಈ ಕಡಿತವನ್ನ ನೋಡೋದೇ ಇಲ್ಲ.

ತಲೆನೋವೇ ಬೇಡ, ಬರೀ ಕೆನಡಾ ಕಂಪನಿ ತಗೊಂಡ್ರೆ?

ಕೆ.ಆರ್.ಎಸ್. ತುಂಬದ ವರ್ಷ ನಮ್ಮ ಕಡೆ ಏನಾಗುತ್ತೆ? ನಾಲೆಯಲ್ಲಿ ನೀರಿಲ್ಲ, ಗದ್ದೆ ಒಣಗುತ್ತೆ. ಆಲೆಮನೆ ಹೊಗೆ ಕಾಣಲ್ಲ. ಟೀ ಅಂಗಡಿ ಖಾಲಿ, ಬಟ್ಟೆ ಅಂಗಡಿ ಖಾಲಿ, ಕೈಸಾಲ ಕೊಡೋನ ಕೈಯೂ ಖಾಲಿ. ಎಲ್ಲರೂ ಒಂದೇ ನೀರಿಗೆ ಕಾಯ್ತಾ ಇದ್ವಿ ಅಂತ ಅವತ್ತು ಗೊತ್ತಾಗೋದು.

ಜಗತ್ತಿನ ಷೇರು ಮಾರುಕಟ್ಟೆಯಲ್ಲಿ ಕೆನಡಾದ ಪಾಲು ಸುಮಾರು 3 ಪರ್ಸೆಂಟ್. ಅದರಲ್ಲೂ ಬ್ಯಾಂಕು, ಎಣ್ಣೆ, ಗಣಿ ಇವುಗಳದ್ದೇ ದೊಡ್ಡ ಭಾಗ. ನಿಮ್ಮ ಕೆಲಸ, ನಿಮ್ಮ ಮನೆ, ನಿಮ್ಮ ಷೇರು ಮೂರೂ ಅಲ್ಲೇ ಇದ್ರೆ ನೀವೂ ಒಂದೇ ನಾಲೆಯ ನೀರು ನಂಬಿದ ಹಾಗೆ. ಹೊರಗಿನ ಷೇರಿನಲ್ಲಿ ಕರೆನ್ಸಿಯ ಅಪಾಯ ಇದೆ, ಹೌದು. ಹೊರಗೆ ಹೋಗದೇ ಇರೋದೂ ಒಂದು ಅಪಾಯವೇ.

ಜೊತೆಗೆ ಒಂದು ಎಚ್ಚರಿಕೆ. ಟಿಎಫ್‌ಎಸ್‌ಎ ಖಾತೆಯಲ್ಲಿ ಲಾಭಕ್ಕೆ ಕೆನಡಾದಲ್ಲಿ ತೆರಿಗೆ ಇಲ್ಲ, ಸರಿ. ಆದ್ರೆ ಈ ಸೌಲಭ್ಯ 2009ರಲ್ಲಿ ಶುರುವಾಯ್ತು ಅಂತ, ಅಲ್ಲಿಂದ ಲೆಕ್ಕ ಹಾಕಿ ದುಡ್ಡು ತುಂಬಬೇಡಿ. ನೀವು ತೆರಿಗೆ ಲೆಕ್ಕದಲ್ಲಿ ಅಲ್ಲಿನ ನಿವಾಸಿಯಾದ ವರ್ಷದಿಂದ ಮಾತ್ರ ನಿಮ್ಮ ಮಿತಿ ಹುಟ್ಟೋದು. 2023ಕ್ಕೆ 6,500, 2024ಕ್ಕೆ 7,000, 2025ಕ್ಕೆ 7,000 ಡಾಲರ್. ಮಿತಿ ಮೀರಿದ ದುಡ್ಡಿಗೆ ತಿಂಗಳಿಗೆ 1 ಪರ್ಸೆಂಟ್ ದಂಡ. ಅಮೆರಿಕದ ಷೇರಿನ ಡಿವಿಡೆಂಡ್‌ನಲ್ಲಿ 15 ಪರ್ಸೆಂಟ್ ಅಮೆರಿಕ ಹಿಡ್ಕೊಳ್ಳುತ್ತೆ, ಟಿಎಫ್‌ಎಸ್‌ಎ ಆದ್ರೂ ಬಿಡಲ್ಲ. ನಾಳೆ ಊರಿಗೆ ವಾಪಸ್ ಬಂದು ಇಲ್ಲಿನ ನಿವಾಸಿಯಾದ್ರೆ ಆ ತೆರಿಗೆ ವಿನಾಯಿತಿ ಭಾರತದಲ್ಲಿ ನಡೆಯಲ್ಲ.

ಹಾಗಾದ್ರೆ ಕೊಪ್ಪಕ್ಕೆ ಕಳಿಸೋದಾ?

ಮೊದಲು ಜಮೀನಿನ ವಿಷಯ. ಕರ್ನಾಟಕದಲ್ಲಿ 2020ರಲ್ಲಿ ಕಾನೂನು ಬದಲಾಗಿ ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು ಅಂತ ಆಯ್ತು. ಆದ್ರೆ ಅನಿವಾಸಿ ಭಾರತೀಯರಿಗೆ ಬೇರೆ ಕಾನೂನು ಅಡ್ಡ ಇದೆ. ವಿದೇಶಿ ವಿನಿಮಯ ಕಾನೂನು, ಅಂದ್ರೆ ಫೆಮಾ ಪ್ರಕಾರ ಅವರು ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವ ಹಾಗಿಲ್ಲ. ಪಿತ್ರಾರ್ಜಿತವಾಗಿ ಬಂದ್ರೆ ಇಟ್ಕೋಬಹುದು. ಹಾಗಾಗಿ ತಮ್ಮ, ನಿನ್ನ ಹೆಸರಿಗೆ ಆ ಪಕ್ಕದ ಜಮೀನು ಬರಲ್ಲ. ಅಪ್ಪನ ಹೆಸರಿಗೆ ಅವರು ಕೊಳ್ಳಬಹುದು, ಆಗ ಅದು ಅವರ ಆಸ್ತಿ. ಇದನ್ನ ಅಪ್ಪನ ಹತ್ರ ಮೊದಲೇ ಬಿಡಿಸಿ ಮಾತಾಡು.

ಇನ್ನು ಸಾಲ. ರೂಮ್‌ಮೇಟ್‌ಗಳು ಹೇಳೋದು, ರೂಪಾಯಿ ಹೇಗಿದ್ರೂ ಬೀಳ್ತಾನೇ ಇರುತ್ತೆ, ಸಾಲ ನಿಧಾನಕ್ಕೆ ತೀರಿಸು ಅಂತ. ಇಲ್ಲೊಂದು ಕಣ್ಕಟ್ಟು ಇದೆ. ನಮಗೆ ಡಾಲರ್ ಅಂದ್ರೆ ಒಂದೇ ಡಾಲರ್. 2013ರ ಆಗಸ್ಟ್ 28ರಂದು ಅಮೆರಿಕನ್ ಡಾಲರ್ 68 ರೂಪಾಯಿ ದಾಟಿ ದೊಡ್ಡ ಸುದ್ದಿಯಾಗಿತ್ತು. 2024ರ ಆಗಸ್ಟ್ ಕೊನೆಗೆ ಅದು 84ರ ಹತ್ತಿರ. ಕೆನಡಾ ಡಾಲರ್? 2013ರ ಆ ದಿನ 65ರ ಆಸುಪಾಸು, 2024ರಲ್ಲಿ 62ರ ಆಸುಪಾಸು. ಹನ್ನೊಂದು ವರ್ಷ ಕಳೆದ ಮೇಲೂ ಏರಿಲ್ಲ, ಸ್ವಲ್ಪ ಇಳಿದಿದೆ. 2013ರ ಆ ದಿನ ರೂಪಾಯಿ ವಿಪರೀತ ಬಿದ್ದಿತ್ತು ನಿಜ. ಆದ್ರೂ ಪಾಠ ಸ್ಪಷ್ಟ. 2025ರ ಡಿಸೆಂಬರ್‌ನಲ್ಲಿ 90 ದಾಟಿದ್ದು ಅಮೆರಿಕನ್ ಡಾಲರ್. ನಿನ್ನ ಸಂಬಳ ಬರೋದು ಅದರಲ್ಲಲ್ಲ.

ಲೆಕ್ಕ ಹಾಕೋಣ. ಒಂದು ಕೆನಡಾ ಡಾಲರ್‌ಗೆ 65 ರೂಪಾಯಿ ಅಂತ ಇಟ್ಕೊಂಡ್ರೆ 9 ಲಕ್ಷ ಅಂದ್ರೆ ಸುಮಾರು 13,850 ಡಾಲರ್. ವರ್ಷಕ್ಕೆ ಬಡ್ಡಿಯೇ 99 ಸಾವಿರ ರೂಪಾಯಿ, ಅಂದ್ರೆ 1,500 ಡಾಲರ್ ಮೇಲೆ. ಅದೇ ದುಡ್ಡು ಷೇರಿಗೆ ಹಾಕಿ ವರ್ಷಕ್ಕೆ 8 ಪರ್ಸೆಂಟ್ ಬಂದ್ರೂ 1,100 ಡಾಲರ್. ಅದೂ ಬಂದ್ರೆ. ಬಡ್ಡಿ ಮಾತ್ರ ಬಂದೇ ಬರುತ್ತೆ. ರೂಪಾಯಿ ವರ್ಷಕ್ಕೆ 3 ಪರ್ಸೆಂಟ್ ಬಿದ್ರೂ ಆ ಸಾಲ ನಿನಗೆ ಸುಮಾರು 8 ಪರ್ಸೆಂಟ್ ಸಾಲವೇ. ಅಪಾಯವೇ ಇಲ್ಲದೆ ಅಷ್ಟು ಕೊಡೋ ಷೇರು ಯಾವುದೂ ಇಲ್ಲ.

ನಾನಾಗಿದ್ರೆ ಮೊದಲು ಸಾಲ ತೀರಿಸ್ತಿದ್ದೆ. ಉಳಿಯೋ 6 ಸಾವಿರ ಚಿಲ್ಲರೆ ಡಾಲರ್‌ನ ಅಲ್ಲೇ, ಕೆಲಸ ಹೋದ್ರೆ ಬಾಡಿಗೆಗೆ ಊಟಕ್ಕೆ ಅಂತ ಉಳಿತಾಯ ಖಾತೆಯಲ್ಲಿ ಇಡ್ತಿದ್ದೆ. ಷೇರಿಗೆ ಇವತ್ತು ಸೊನ್ನೆ. ಬೇಜಾರಾಗುತ್ತೆ, ಗೊತ್ತು. ಆದ್ರೆ ಮುಂದಿನ ತಿಂಗಳಿಂದ ಸಾಲದ ಕಂತಿಗೆ ಹೋಗ್ತಿದ್ದ ದುಡ್ಡು ಪೂರ್ತಿ ನಿನ್ನದು. ಅದನ್ನ ತಿಂಗಳು ತಿಂಗಳು ಹಾಕು.

ಬ್ಯಾಂಕ್‌ನಲ್ಲಿ ಎರಡು ವಿಷಯ ಕೇಳು. ಫ್ಲೋಟಿಂಗ್ ಬಡ್ಡಿಯ ವೈಯಕ್ತಿಕ ಸಾಲವನ್ನ ಅವಧಿಗೆ ಮುಂಚೆ ತೀರಿಸಿದ್ದಕ್ಕೆ ದಂಡ ಹಾಕುವಂತಿಲ್ಲ. ರಿಸರ್ವ್ ಬ್ಯಾಂಕ್ ನಿಯಮದಂತೆ, 2023ರ ಡಿಸೆಂಬರ್‌ನಿಂದ, ಸಾಲ ಪೂರ್ತಿ ತೀರಿದ 30 ದಿನದೊಳಗೆ ಆಸ್ತಿ ಪತ್ರ ವಾಪಸ್ ಕೊಡಬೇಕು. ಬ್ಯಾಂಕಿನ ತಪ್ಪಿನಿಂದ ತಡವಾದ್ರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಪತ್ರ ಕೈಗೆ ಬಂದ ದಿನ ಅಪ್ಪನ ಜೊತೆ ವಿಡಿಯೊ ಕಾಲ್ ಮಾಡು. ದುಡ್ಡು ಕಣ್ಣಿಗೆ ಕಾಣಬೇಕು ಅಂತಿದ್ರಲ್ಲ, ಕಾಣುತ್ತೆ.

ಕೊನೆಗೆ ಉಳಿಯೋ ಒಂದು ಪ್ರಶ್ನೆ

ಯಾವ ಡಾಲರ್ ಏರುತ್ತೆ, ಯಾವುದು ಬೀಳುತ್ತೆ ಅಂತ ಹೇಳೋಕೆ ನನಗೆ ಬರಲ್ಲ. ಬರುತ್ತೆ ಅನ್ನೋರನ್ನ ನಂಬಬೇಡಿ. ಕೇಳ್ಕೋಬೇಕಾದ ಪ್ರಶ್ನೆ ಬೇರೆ: ಈ ದುಡ್ಡನ್ನ ನಾನು ಎಲ್ಲಿ ಖರ್ಚು ಮಾಡ್ತೀನಿ? ಆ ಊರಿನ ಕರೆನ್ಸಿಯೇ ನಿಮ್ಮ ಕರೆನ್ಸಿ.

ವರ್ಕ್ ಪರ್ಮಿಟ್ ಮುಗಿದ ಮೇಲೆ ಪಿಆರ್ ಸಿಕ್ಕಿ ಅಲ್ಲೇ ನೆಲೆಸಿದ್ರೆ ನಿಮ್ಮ ಬಾಡಿಗೆ, ಮಕ್ಕಳ ಓದು ಎಲ್ಲ ಕೆನಡಾ ಡಾಲರ್. ಸಿಗದೆ ವಾಪಸ್ ಬಂದ್ರೆ ರೂಪಾಯಿ. ಇನ್ನೂ ಗೊತ್ತಿಲ್ಲ ಅಂದ್ರೆ ಒಂದೇ ಕಡೆ ಪಣ ಕಟ್ಟಬೇಡಿ, ಜಗತ್ತಿನ ಎಲ್ಲ ಕಡೆ ಹರಡಿರೋ ಫಂಡ್ ಇದೆ, ಅದರಲ್ಲಿ ಸ್ವಲ್ಪ ಸ್ವಲ್ಪ ಹಾಕಿ.

ಬೆಂಗಳೂರಲ್ಲೋ ಮದ್ದೂರಲ್ಲೋ ಕೂತು ಅಮೆರಿಕದ ಷೇರು ಆ್ಯಪ್ ನೋಡ್ತಾ ಇರೋರಿಗೂ ಇದೇ ಪ್ರಶ್ನೆ. ಮಗಳನ್ನ ಹೊರಗೆ ಓದಿಸಬೇಕು ಅಂತಿದ್ರೆ ಒಂದಷ್ಟು ಡಾಲರ್ ಹೂಡಿಕೆಗೆ ಅರ್ಥ ಇದೆ. ಊರಲ್ಲಿ ಮನೆ ಕಟ್ಟೋ ದುಡ್ಡಾದ್ರೆ, ಡಾಲರ್ 90 ದಾಟಿತು ಅನ್ನೋ ಸುದ್ದಿ ನೋಡಿ ಓಡಬೇಡಿ.

ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಒಂದು ಹಾಳೆಯಲ್ಲಿ ಮೂರು ಸಾಲು ಬರೀರಿ. ಸಂಬಳ ಯಾವ ದುಡ್ಡಲ್ಲಿ, ಸಾಲ ಯಾವ ದುಡ್ಡಲ್ಲಿ, ಮುಂದಿನ ಖರ್ಚು ಯಾವ ದುಡ್ಡಲ್ಲಿ. ಮೂರೂ ಒಂದೇ ಆಗಿದ್ರೆ ನಿಶ್ಚಿಂತೆಯಿಂದ ಮಲಗಿ. ಬೇರೆ ಬೇರೆ ಆಗಿದ್ರೆ, ಷೇರು ಆ್ಯಪ್ ತೆಗೆಯೋಕೆ ಮುಂಚೆ ಆ ಹಾಳೆ ತೆಗೀರಿ.

ಪ್ರಶ್ನೆ ಇದ್ರೆ ವಾಯ್ಸ್ ಮೆಸೇಜ್ ಕಳಿಸಿ, ಹೆಸರು ಬೇಡ ಅಂದ್ರೆ ಹೇಳಲ್ಲ. ಬ್ರಾಂಪ್ಟನ್ ತಮ್ಮನಿಗೆ ಒಂದು ಮಾತು: ಪತ್ರ ವಾಪಸ್ ಬಂದ ಮೇಲೆ ನನಗೂ ಒಂದು ಮೆಸೇಜ್ ಹಾಕಪ್ಪ. ಮುಂದಿನ ವಾರ ಸಿಗೋಣ. ನಮಸ್ಕಾರ.