ಅಣೆಕಟ್ಟಿನ ಕೆಳಗೆ ಗಾಳ ಹಾಕುವವರಿಗೆ ನಾಲ್ಕು ಮಾತು

(ನಮ್ಮ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಪುಸ್ತಕಗಳ ನಡುವೆ ಕುಳಿತು ಮೀನಿನ ಮಾತೇ ಎಂದು ಕೆಲವರು ನಕ್ಕಾರು. ನಗಲಿ. ಇಲ್ಲಿ ಕುಳಿತವರಲ್ಲಿ ಎಷ್ಟು ಜನರ ಖೋಲಿಯ ಮೂಲೆಯಲ್ಲಿ ಗಾಳದ ಕೋಲು ಇದೆಯೆಂಬುದು ನಮಗೆ ಗೊತ್ತು. ಆರು ದಿನ ಗಿಲಾಯಿ ಮಾಡಿದ ಗೌಂಡಿಗೆ, ಆರು ದಿನ ಲೆಕ್ಕದ ಮುಂದೆ ಕುಳಿತ ಕಾರಕೂನನಿಗೆ, ಏಳನೆಯ ದಿನ ಖರ್ಚಿಲ್ಲದೆ ಸಿಕ್ಕುವ ಸುಖವೆಂದರೆ ಹೊಳೆಯ ದಂಡೆಯೊಂದೇ. ಸಂಜೆಗೆ ನಾಲ್ಕು ಮೀನು ಬಿದ್ದರೆ ಸಾರಿಗೂ ಆಯಿತು. ಆದುದರಿಂದ ಈ ಹೊಳೆಯ ಸ್ವಭಾವವನ್ನು ಅರಿತುಕೊಳ್ಳುವುದು ನಮಗೆ ಬರಿಯ ವಿನೋದವಲ್ಲ, ಜೀವದ ಪ್ರಶ್ನೆ.

ನಾವು ಗಾಳ ಹಾಕುವುದು ಮುಠಾ ನದಿಯಲ್ಲಿ. ಊರಿನಿಂದ ಸುಮಾರು 20 ಕಿಲೋಮೀಟರ್ ಮೇಲಕ್ಕೆ ಖಡಕವಾಸಲಾ ಅಣೆಕಟ್ಟು ಇದೆ. 1869ರಲ್ಲಿ ಕಟ್ಟಲು ತೊಡಗಿದ ಈ ಕಟ್ಟೆಗೂ ನಮಗೂ ಒಂದು ನಂಟುಂಟು. ಪುಣೆಯ ವಿಜ್ಞಾನ ಕಾಲೇಜಿನಲ್ಲಿಯೇ ಇಂಜಿನಿಯರಿಂಗ್ ಓದಿ ಮುಂಬಯಿ ಪ್ರಾಂತದ ನೌಕರಿ ಹಿಡಿದ ನಮ್ಮ ವಿಶ್ವೇಶ್ವರಯ್ಯನವರು 1903ರಲ್ಲಿ ತಾವೇ ಕಲ್ಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ಮೊದಲು ಹಾಕಿಸಿದ್ದು ಇಲ್ಲಿ. ನೀರು ಗೊತ್ತಾದ ಮಟ್ಟ ಮೀರಿದೊಡನೆ ಬಾಗಿಲು ತಾನಾಗಿ ತೆರೆಯುವುದು. ಇಳಿದೊಡನೆ ತಾನಾಗಿ ಮುಚ್ಚುವುದು. ಇದರಿಂದ ಹಳೆಯ ಕೋಡಿಯ ಮೇಲೆ ಸುಮಾರು 8 ಅಡಿ ಹೆಚ್ಚು ನೀರು ನಿಲ್ಲುವಂತಾಯಿತು.

ಈಗ ಮೇಲುಗಡೆ ಇನ್ನೂ ಮೂರು ಅಣೆಕಟ್ಟುಗಳಿವೆ: ಪಾನಶೇತ, ವರಸಗಾವ, ಟೇಮಘರ. ಹಿಡಿತದ ಲೆಕ್ಕ ಕೇಳಿ. ಪಾನಶೇತ ಸುಮಾರು 10.65 ಟಿಎಂಸಿ, ವರಸಗಾವ 12.82, ಟೇಮಘರ 3.71. ಇವೆಲ್ಲವುಗಳ ಕೆಳಗಿರುವ ಖಡಕವಾಸಲಾ ಎರಡು ಟಿಎಂಸಿಗೂ ಕಡಿಮೆ. ಅಂದರೆ ಮೂರು ಹಂಡೆಗಳ ಕೆಳಗೆ ಒಂದು ತಂಬಿಗೆ ಇಟ್ಟಂತೆ. ಹಂಡೆಗಳು ತುಂಬಿ ಚೆಲ್ಲಿದರೆ ತಂಬಿಗೆಯಲ್ಲಿ ಎಷ್ಟು ಹೊತ್ತು ನಿಂತೀತು? ಆದ್ದರಿಂದ ಮಳೆಗಾಲದಲ್ಲಿ ಇಲ್ಲಿಯ ಬಾಗಿಲುಗಳನ್ನು ದಿನಕ್ಕೆ ಹಲವು ಸಲ ಏರಿಸುವುದೂ ಇಳಿಸುವುದೂ ಉಂಟು. ಬೇಸಿಗೆಯ ಮಾತು ಬೇರೆ. ಆಗ ನೀರು ಕಾಲುವೆಗೂ ಪಟ್ಟಣದ ನಲ್ಲಿಗಳಿಗೂ ಹೋಗುತ್ತದೆ. ಊರೊಳಗಿನ ಪಾತ್ರದಲ್ಲಿ ಹರಿಯುವುದು ಹೆಚ್ಚಾಗಿ ಗಟಾರದ ನೀರು. ಆ ನೀರಿನ ಮೀನನ್ನು ಮನೆಗೆ ತರಬೇಡಿರೆಂದು ಇಲ್ಲಿಯೇ ಕೈಮುಗಿದು ಹೇಳುತ್ತೇವೆ.

ಪತ್ರಿಕೆಯಲ್ಲಿ 'ಇಷ್ಟು ಸಾವಿರ ಕ್ಯೂಸೆಕ್' ಎಂದು ಬರುತ್ತದೆ. ನಮ್ಮಲ್ಲಿ ಅನೇಕರು ಅದನ್ನು ದಾಟಿ ಮುಂದಿನ ಸುದ್ದಿಗೆ ಹೋಗುತ್ತಾರೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಹೆಚ್ಚುಕಡಿಮೆ 28 ಲೀಟರ್ ನೀರು. ನಮ್ಮ ಚಾಳಿಗೆ ಬರುವ 10,000 ಲೀಟರಿನ ಟ್ಯಾಂಕರನ್ನು ನೆನೆಯಿರಿ. 1,000 ಕ್ಯೂಸೆಕ್ ಬಿಟ್ಟರೆ ಪ್ರತಿ ಸೆಕೆಂಡಿಗೆ ಅಂಥ ಮೂರು ಟ್ಯಾಂಕರ್ ನೀರು ನಿಮ್ಮ ಕಡೆಗೆ ಹೊರಟಂತೆ. 2024ರ ಜುಲೈ 25ರಂದು ಸುಮಾರು 35,000 ಕ್ಯೂಸೆಕ್ ಬಿಟ್ಟಿದ್ದರು. ಸೆಕೆಂಡಿಗೆ ನೂರು ಟ್ಯಾಂಕರ್! ಸಿಂಹಗಡ ರಸ್ತೆಯ ಏಕತಾ ನಗರಿಯಲ್ಲಿ ಮನೆಗಳಿಗೆ ನೀರು ನುಗ್ಗಿತು. ಅದೇ ದಿನ ಬೆಳಗಿನ ಜಾವ ಡೆಕ್ಕನ್ ಭಾಗದ ಪುಲಾಚಿ ವಾಡಿಯಲ್ಲಿ ತಮ್ಮ ಕೈಗಾಡಿಯನ್ನು ನೀರಿನಿಂದ ಉಳಿಸಲು ಹೋದ ಮೂವರು ವಿದ್ಯುತ್ ತಗುಲಿ ತೀರಿಕೊಂಡರು. ಅವರೂ ನಮ್ಮಂತೆ ದುಡಿದು ತಿನ್ನುವವರೇ.

ಇನ್ನು ಮೀನಿನ ವಿಷಯ. ಈ ಹೊಳೆ ಹಿಂದೆ ಸಾಮಾನ್ಯವಾದುದಲ್ಲ. ಸೈಕ್ಸ್ ಎಂಬ ಸೈನ್ಯಾಧಿಕಾರಿ 1839ರಲ್ಲಿ 'ಖುದ್ರೀ' ಎಂದು ಶಾಸ್ತ್ರದಲ್ಲಿ ಹೆಸರಿಟ್ಟ ಮಹಶೀರ್ ಮೀನು ಪುಣೆಯ ಪೂರ್ವಕ್ಕಿರುವ ಮುಳಾ-ಮುಠಾ ನದಿಯದೇ. ಇಂದು ನಮ್ಮ ಗಾಳಕ್ಕೆ ಬೀಳುವುದು ಹೆಚ್ಚಾಗಿ ತಿಲಾಪಿಯ. ಅದೃಷ್ಟವಿದ್ದರೆ ಮೇಲುಗಡೆಯಿಂದ ಕೊಚ್ಚಿ ಬಂದ ರೋಹು, ಕಟ್ಲಾ.

ನೀರು ಹದವಾಗಿ, ಒಂದೇ ಸಮನೆ ಹರಿಯುವಾಗ ಮೀನು ಸೆಳವಿಗೆ ಮುಖಮಾಡಿ, ವೇಗದ ನೀರೂ ನಿಧಾನದ ನೀರೂ ಕೂಡುವ ಅಂಚಿನಲ್ಲಿ ನಿಲ್ಲುತ್ತದೆ. ಬಂಡೆಯ ಹಿಂದಿನ ಮಡುವಿನಲ್ಲಿ ಗಾಳ ಹಾಕಿದರೆ ಫಲ ಉಂಟು. ನೀರು ಏರತೊಡಗಿದರೆ ಅದು ನಡುಹೊಳೆಯ ಸೆಳವನ್ನು ಬಿಟ್ಟು ದಂಡೆಗೆ ಬರುತ್ತದೆ. ಹೊಸದಾಗಿ ಮುಳುಗಿದ ಹುಲ್ಲಿನಲ್ಲಿ ಎರೆಹುಳು, ಮಿಡತೆ ಸಿಗುತ್ತವೆ. ಪೊದೆಯ ಮರೆಯಲ್ಲಿ ಆಸರೆ ಸಿಗುತ್ತದೆ. ಬಾಗಿಲು ಮುಚ್ಚಿ ನೀರು ಇಳಿದಾಗ ಮೀನು ಹಿಂದಕ್ಕೆ ಸರಿಯುತ್ತದೆ. ದಾರಿ ತಪ್ಪಿದ್ದು ಗುಂಡಿಗಳಲ್ಲಿ ಸಿಕ್ಕಿಬೀಳುತ್ತದೆ, ಹುಲ್ಲಿಗೆ ಅಂಟಿದ ತತ್ತಿ ಒಣಗುತ್ತದೆ. ಆ ಗುಂಡಿಯ ತತ್ತಿತುಂಬಿದ ಮೀನನ್ನು ಬಾಚಿಕೊಳ್ಳದೆ ಹೊಳೆಗೆ ಬಿಟ್ಟರೆ ಮುಂದಿನ ವರ್ಷಕ್ಕೆ ಇಟ್ಟ ಠೇವಣಿಯಂತೆ. ಈಗ ನೀವೇ ವಿಚಾರ ಮಾಡಿರಿ. ಏರುವ ನೀರಿನಲ್ಲಿ ಮೀನೇ ದಂಡೆಗೆ ಬರುವಾಗ ಮನುಷ್ಯನು ನಡುಬಂಡೆಯ ಮೇಲೆ ಕುಳಿತು ಸಾಧಿಸುವುದೇನು?

ಈ ಬುದ್ಧಿ ನಮಗೆ ಪುಸ್ತಕದಿಂದ ಬಂದುದಲ್ಲ. ಕೆಲವು ವರ್ಷಗಳ ಹಿಂದೆ ಆಗಸ್ಟ್ ತಿಂಗಳ ಒಂದು ಭಾನುವಾರ ನಾವು ನಾಲ್ವರು, ಇಬ್ಬರು ಗೌಂಡಿಗಳು, ಇಬ್ಬರು ಕಾರಕೂನರು, ಶಿವಣೆಯ ಮೇಲ್ಭಾಗದಲ್ಲಿ ನಡುಬಂಡೆಯ ಮೇಲೆ ಕುಳಿತಿದ್ದೆವು. ಬಿಸಿಲು ಚೆನ್ನಾಗಿತ್ತು. ಪಾದ ಮುಳುಗುವಷ್ಟು ನೀರಿನಲ್ಲಿ ನಡೆದೇ ಅಲ್ಲಿಗೆ ಹೋಗಿದ್ದೆವು. ದಂಡೆಯಲ್ಲಿ ಒಬ್ಬ ಮುದುಕ ಮರಾಠಿಯಲ್ಲಿ ಕೂಗುತ್ತ ಕೈ ಬೀಸುತ್ತಿದ್ದ. ಮೀನು ಹಿಡಿಯಬೇಡಿರೆಂದು ಗದರಿಸುತ್ತಾನೆಂದು ತಿಳಿದು ನಾವು ಬೆನ್ನು ತಿರುಗಿಸಿದೆವು. ಸ್ವಲ್ಪ ಹೊತ್ತಿಗೆ ತಿಳಿನೀರು ಕೆಂಪಾಯಿತು. ಕಡ್ಡಿ, ನೊರೆ, ಎಲೆ ತೇಲಿಬಂದವು. ನಮ್ಮಲ್ಲೊಬ್ಬರು ಅಫಜಲಪುರದ ಕಡೆಯವರು, ಭೀಮೆಯ ದಂಡೆಯಲ್ಲಿ ಹುಟ್ಟಿದವರು. "ಏಳ್ರಿ, ಹೊಳಿ ಬಂತು" ಎಂದರು. ಮೂವರು ಎದ್ದು ಓಡಿದೆವು. ನಾಲ್ಕನೆಯವರು ಬುತ್ತಿಯ ಡಬ್ಬಿಗಾಗಿ ಹಿಂತಿರುಗಿದರು. ಮೊಣಕಾಲಿನ ನೀರು ಎದೆಗೆ ಬರಲು ಎಷ್ಟು ಹೊತ್ತು ಹಿಡಿಯಿತೆಂದು ಹೇಳಲಾರೆವು. ಒಂದು ಬೀಡಿ ಸೇದುವಷ್ಟೂ ಆಗಿರಲಿಲ್ಲ. ಕೊಚ್ಚಿಹೋದ ಅವರು ಕೆಳಗೆ ಒಂದು ಜಾಲಿಯ ಪೊದೆಗೆ ಸಿಕ್ಕಿಕೊಂಡರು. ಅದೇ ಮುದುಕನು ತನ್ನ ಧೋತರ ಬಿಚ್ಚಿ ಎಸೆದು ಎಳೆದುಕೊಂಡನು. ಕೈ ಮುರಿದಿತ್ತು. ಎರಡು ತಿಂಗಳು ಪಗಾರವಿಲ್ಲ, ಊರಿಗೆ ಹಣವಿಲ್ಲ. ಹನ್ನೆರಡಾಣೆಯ ಬೆಲೆಯಿಲ್ಲದ ಡಬ್ಬಿಗೆ ಇಷ್ಟು! ಆ ಮುದುಕನು ಮೊದಲಿನಿಂದಲೂ ಕೂಗಿದ್ದು "ಪಾಣಿ ಸೋಡಲಂ" ಎಂದು, ನೀರು ಬಿಟ್ಟಿದ್ದಾರೆ ಎಂದು. ಎರಡು ಶಬ್ದ ತಿಳಿಯದೆ ನಾವು ಒಂದು ಪ್ರಾಣ ಕಳೆಯಲಿದ್ದೆವು.

ಇದು ನಮ್ಮೊಬ್ಬರ ಅಜ್ಞಾನವಲ್ಲ. 2014ರ ಜೂನ್ 8ರಂದು ಹಿಮಾಚಲದ ಮಂಡಿ ಜಿಲ್ಲೆಯ ಬಿಯಾಸ್ ನದಿಯಲ್ಲಿ, ಲಾರ್ಜಿ ಅಣೆಕಟ್ಟಿನಿಂದ ಬಿಟ್ಟ ನೀರಿಗೆ ಸಿಕ್ಕಿ ಹೈದರಾಬಾದಿನ 24 ವಿದ್ಯಾರ್ಥಿಗಳು ಕೊಚ್ಚಿಹೋದರು. ಓದಿದವರು, ಹರೆಯದವರು, ಆದರೂ ಹೊಳೆ ಬಿಡಲಿಲ್ಲ. ಅಣೆಕಟ್ಟಿನ ಕೆಳಗಿನ ನದಿ ಆಕಾಶವನ್ನು ನೋಡಿ ಏರುವುದಿಲ್ಲ. ಮಳೆ ಬಿದ್ದದ್ದು ಘಟ್ಟದಲ್ಲಿ, ಅಪ್ಪಣೆಯಾದದ್ದು ಕಚೇರಿಯಲ್ಲಿ, ನೀರು ಬರುವುದು ನಮ್ಮ ಕಾಲಿಗೆ.

ಈ ಊರು ಅದನ್ನು 1961ರ ಜುಲೈ 12ರಂದು ಕಂಡಿತು. ಕಟ್ಟುತ್ತಿದ್ದ ಪಾನಶೇತದ ಮಣ್ಣಿನ ಕಟ್ಟೆ ಅಂದು ಬೆಳಿಗ್ಗೆ ಒಡೆಯಿತು; ಆ ನೀರನ್ನು ತಡೆಯಲಾರದೆ ಖಡಕವಾಸಲವೂ ಒಡೆಯಿತು. ನದೀತೀರದ ಪೇಟೆಗಳೆಲ್ಲ ಮುಳುಗಿದವು. ಹಿಂದಿನ ರಾತ್ರಿಯೆಲ್ಲ ಸೈನಿಕರು ಮರಳಿನ ಚೀಲ ಒಟ್ಟಿ ಕಟ್ಟೆಯನ್ನು ಹಿಡಿದು ನಿಲ್ಲಿಸಿದ್ದರಿಂದ ಅನಾಹುತ ನಿದ್ದೆಯ ಹೊತ್ತಿನಲ್ಲಿ ಆಗಲಿಲ್ಲ. ಕೆಲವು ತಾಸಿನ ಅವಕಾಶ ಎಷ್ಟೋ ಜೀವಗಳನ್ನು ಉಳಿಸಿತು. ಹೊಳೆಯ ವಿಷಯದಲ್ಲಿ ವೇಳೆಗೆ ಸರಿಯಾಗಿ ಬಂದ ಸುದ್ದಿಗೆ ಇಷ್ಟು ಬೆಲೆ.

ಆದುದರಿಂದ ನಮ್ಮ ಅರಿಕೆ ಇಷ್ಟು. ಗಾಳ ಹಾಕುವವರು ದಂಡೆಯಿಂದಲೇ ಹಾಕಬೇಕು. ಹೋದೊಡನೆ ನೀರಿನ ಅಂಚಿಗೆ ಒಂದು ಕಡ್ಡಿ ನೆಡಬೇಕು. ಕಡ್ಡಿ ಮುಳುಗಿದರೆ ಏಳಬೇಕು. ಬಣ್ಣ ಕದಡಿದರೆ, ಕಸ ತೇಲಿಬಂದರೆ, ಭೋಂಗಾ ಕೇಳಿದರೆ ಕಡ್ಡಿಯನ್ನೂ ಕಾಯಬಾರದು. ಸಾಮಾನಿಗಾಗಿ ಹಿಂತಿರುಗಲೇಬಾರದು. ಜುಲೈಯಿಂದ ಅಕ್ಟೋಬರ್‌ವರೆಗೆ ನಮ್ಮ ವಾಚನಾಲಯದ ಬಾಗಿಲಲ್ಲಿ ಒಂದು ಕರಿಹಲಗೆ ಇಡೋಣ. ಮರಾಠಿ ಪತ್ರಿಕೆ ಓದಬಲ್ಲ ಕಾರಕೂನ ಬಂಧುಗಳು ಸರದಿಯಂತೆ ದಿನವೂ ಬೆಳಿಗ್ಗೆ ಅಂದಿನ ಕ್ಯೂಸೆಕ್ ಅಂಕಿಯನ್ನು ದೊಡ್ಡ ಕನ್ನಡ ಅಕ್ಷರದಲ್ಲಿ ಬರೆಯಲಿ. ಅಕ್ಷರ ಬಾರದ ಗೌಂಡಿ ಬಂಧುಗಳಿಗೆ ಓದಿ ಹೇಳಲಿ. ಅಂಕಿ ಹಳೆಯದಾಗಬಹುದು, ಹಲಗೆ ನೋಡಿದವರೂ ಕಡ್ಡಿ ನೆಡುವುದನ್ನು ಬಿಡಬಾರದು.

ಇನ್ನೊಂದು ಮಾತು ಹೇಳಿ ಮುಗಿಸುತ್ತೇವೆ. ಇಲ್ಲಿ ಬಿಟ್ಟ ನೀರು ಇಲ್ಲಿಯೇ ಮುಗಿಯುವುದಿಲ್ಲ. ಮುಠಾ ಸಂಗಮದಲ್ಲಿ ಮುಳೆಯನ್ನು ಕೂಡಿ, ಮುಂದೆ ಭೀಮೆಗೆ ಸೇರಿ, ಉಜನಿ ಜಲಾಶಯ ದಾಟಿ, ಪಂಢರಪುರದ ಮುಂದೆ ಹರಿದು, ವಿಜಯಪುರ, ಕಲಬುರಗಿ ಜಿಲ್ಲೆಗಳಿಗೆ ಹೋಗುತ್ತದೆ. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿ ಅಲ್ಲಿಯ ಎಷ್ಟೋ ಹಳ್ಳಿಗಳ ಜನ ಮನೆ ಬಿಟ್ಟರು. ನಾವು ಹೊಟ್ಟೆಪಾಡಿಗೆ ಹೊಳೆಯ ಮೇಲಕ್ಕೆ ಬಂದವರು. ನಮ್ಮವರು ಅದರ ಕೆಳದಂಡೆಯಲ್ಲಿದ್ದಾರೆ. ಹಲಗೆಯ ಅಂಕಿ ದೊಡ್ಡದಾದ ದಿನ ಊರಿಗೊಂದು ಫೋನು ಮಾಡಿರಿ. "ಇಲ್ಲಿ ನೀರು ಬಿಟ್ಟಾರ, ದನ ಮೇಲಕ್ಕೆ ಕಟ್ಟಿರಿ" ಎಂದರೆ ಸಾಕು.

ಹಲಗೆಯೂ ಖಡುವೂ ಸಿದ್ಧವಾಗಿವೆ. ಬರೆಯುವವರು ಹೆಸರು ಕೊಡಬೇಕು.